ಬೆಕ್ಕು ಸೊರಗುತ್ತಿದ್ದರೆ ಕಾರಣ ಹುಡುಕುವುದು ಹೇಗೆ

ಎಲ್ಲರಿಗೂ ನಮಸ್ಕಾರ.

ಬೆಕ್ಕು ಸೊರಗಿದ್ದು ಮನೆಯವರ ಕಣ್ಣಿಗೆ ಬೀಳುವುದೇ ತಡವಾಗಿ. ದಿನಾ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಕಾಣುವುದಿಲ್ಲ, ತುಪ್ಪಳ ದಟ್ಟವಾಗಿದ್ದರಂತೂ ಮೂಳೆ ಎದ್ದಿರುವುದು ಗೊತ್ತೇ ಆಗುವುದಿಲ್ಲ. ಹೊಟ್ಟೆಯ ಕೆಳಗೆ ಜೋತಾಡುವ ಚರ್ಮ ಮತ್ತು ಕೊಬ್ಬು ಹಾಗೇ ಉಳಿದು ನಮ್ಮನ್ನು ಇನ್ನಷ್ಟು ದಾರಿ ತಪ್ಪಿಸುತ್ತದೆ. ಹಾಗಾಗಿ ಮೊದಲು ಕೈಯಿಂದ ನೋಡಿ. ಬೆನ್ನುಮೂಳೆಯ ಎರಡೂ ಬದಿ, ಭುಜದ ಮೂಳೆ ಮತ್ತು ಸೊಂಟದ ಮೇಲೆ ಬೆರಳಾಡಿಸಿ. ಬೆನ್ನಿನ ಏಣುಗಳು ಒಂದೊಂದಾಗಿ ಚೂಪಾಗಿ ಸಿಕ್ಕಿದರೆ ಸ್ನಾಯು ಕರಗಿದೆ ಎಂದು ತಿಳಿಯಿರಿ.

ಕೈ ಹೇಳಿದ್ದನ್ನು ತಕ್ಕಡಿಯಲ್ಲಿ ಖಚಿತಪಡಿಸಿಕೊಳ್ಳಬೇಕು. 4 ಕಿಲೋ ಬೆಕ್ಕು 400 ಗ್ರಾಂ ಇಳಿದರೆ ಅದು ಶೇಕಡಾ 10. ಎಪ್ಪತ್ತು ಕಿಲೋ ತೂಗುವ ಮನುಷ್ಯ ಏಳು ಕಿಲೋ ಕಳೆದುಕೊಂಡಂತೆ. ಅಲ್ಲಿಯವರೆಗೆ ಕಾಯಬೇಡಿ, ಕಾರಣವಿಲ್ಲದೆ ಶೇಕಡಾ 5 ಇಳಿದರೂ ಹುಡುಕಾಟ ಶುರುವಾಗಲಿ. ನೀವು ಬೆಕ್ಕನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆಯುವ ವಿಧಾನದಲ್ಲಿ ಎರಡು ಅಳತೆಗಳ ತಪ್ಪು ಸೇರಿಕೊಳ್ಳುತ್ತದೆ, 200 ಗ್ರಾಂ ಇಳಿಕೆ ಅದರಲ್ಲೇ ಮುಚ್ಚಿಹೋಗುತ್ತದೆ. ಕೂಸುಗಳನ್ನು ತೂಗುವ, 10 ಗ್ರಾಂವರೆಗೆ ತೋರಿಸುವ ಸ್ಕೇಲ್ ಒಳ್ಳೆಯದು. ವಾರಕ್ಕೊಮ್ಮೆ, ಅದೇ ಸ್ಕೇಲ್, ಅದೇ ಹೊತ್ತು. ಬರೆದಿಡಿ.

ಇನ್ನು ಬಟ್ಟಲಿಗೆ ಬರೋಣ. ಯಾವ ಪರೀಕ್ಷೆಗೂ ಮುಂಚೆ ಉತ್ತರ ಬೇಕಾದ ಪ್ರಶ್ನೆ ಒಂದೇ: ಬೆಕ್ಕು ನಿಜಕ್ಕೂ ಎಷ್ಟು ತಿನ್ನುತ್ತಿದೆ? "ಚೆನ್ನಾಗಿ ತಿನ್ನುತ್ತೆ" ಅನ್ನುವುದು ಉತ್ತರವಲ್ಲ. ಮನೆಯಲ್ಲಿ ಎರಡು ಬೆಕ್ಕಿದ್ದರೆ ಬಟ್ಟಲು ಖಾಲಿ ಮಾಡಿದ್ದು ಯಾವುದು ಎಂದೇ ಗೊತ್ತಿರುವುದಿಲ್ಲ. ಒಂದು ವಾರ ಬೇರೆ ಬೇರೆ ಕೋಣೆಯಲ್ಲಿ ಊಟ ಹಾಕಿ, ಹಾಕಿದ್ದು ಎಷ್ಟು, ಮಿಕ್ಕಿದ್ದು ಎಷ್ಟು ಎಂದು ಗ್ರಾಂ ಲೆಕ್ಕದಲ್ಲಿ ಬರೆಯಿರಿ. 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ ಬೇಕು. ಒಣ ಆಹಾರದ 100 ಗ್ರಾಂನಲ್ಲಿ ಸಾಮಾನ್ಯವಾಗಿ 350ರಿಂದ 400 ಕಿಲೋಕ್ಯಾಲೊರಿ ಇರುತ್ತದೆ, ಡಬ್ಬಿಯ ಒದ್ದೆ ಆಹಾರದಲ್ಲಿ ಬಹುತೇಕ 80ರಿಂದ 100 ಅಷ್ಟೇ. ಒಣದ್ದನ್ನು ಬಿಡಿಸಿ ಅದೇ ಅಳತೆಯ ಒದ್ದೆ ಆಹಾರ ಹಾಕುವವರು ತಿಳಿಯದೆ ಬೆಕ್ಕನ್ನು ಅರೆಹೊಟ್ಟೆಯಲ್ಲಿ ಇಟ್ಟಿರುತ್ತಾರೆ. ಜೊತೆಗೆ ನೀರನ್ನೂ ಅಳೆಯಿರಿ. ದಿನಕ್ಕೆ ಕಿಲೋ ತೂಕಕ್ಕೆ 100 ಮಿಲಿಲೀಟರ್ ದಾಟಿದರೆ ಅದು ಖಂಡಿತ ಹೆಚ್ಚು, 50 ದಾಟಿದರೂ ವೈದ್ಯರಿಗೆ ಹೇಳಿ.

ಈ ಲೆಕ್ಕ ಕೈಯಲ್ಲಿದ್ದರೆ ದಾರಿ ಮೂರಾಗಿ ಕವಲೊಡೆಯುತ್ತದೆ: ಹೊಟ್ಟೆ ತುಂಬ ತಿಂದೂ ಇಳಿಯುವ ಬೆಕ್ಕು, ತಿನ್ನಲು ಆಸೆಯಿದ್ದೂ ಆಗದ ಬೆಕ್ಕು, ಊಟವೇ ಬೇಡವಾದ ಬೆಕ್ಕು.

ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ರಕ್ತಪರೀಕ್ಷೆ ಹಿಡಿಯುವುದಿಲ್ಲ. ಬಟ್ಟಲಿನ ಹತ್ತಿರ ಓಡಿ ಬರುತ್ತದೆ, ಮೂಸುತ್ತದೆ, ಹಿಂದೆ ಸರಿಯುತ್ತದೆ. ತಲೆ ಓರೆ ಮಾಡಿ ಒಂದೇ ಬದಿಯಲ್ಲಿ ಅಗಿಯುತ್ತದೆ, ಇಲ್ಲವೇ ಕಾಳುಗಳನ್ನು ಹಾಗೇ ನುಂಗುತ್ತದೆ. ಜೊಲ್ಲು ಸುರಿಯಬಹುದು. ತೊಂದರೆ ಇರುವುದು ಬಾಯಿಯಲ್ಲಿ. ಹಲ್ಲು ಒಳಗೊಳಗೇ ಸವೆದು ಕರಗುವ ಕಾಯಿಲೆ ಬೆಕ್ಕುಗಳಲ್ಲಿ ಬಹಳ ಸಾಮಾನ್ಯ. ಮೇಲಿನಿಂದ ಹಲ್ಲು ಸರಿಯಾಗಿಯೇ ಕಂಡರೂ ಒಸಡಿನ ಕೆಳಗೆ ಬೇರು ಹೋಗಿರುತ್ತದೆ, ಅರಿವಳಿಕೆ ಕೊಟ್ಟು ಹಲ್ಲಿನ ಎಕ್ಸ್-ರೇ ತೆಗೆಯದೆ ಅದು ತಿಳಿಯದು. ನಾಲಿಗೆಯ ಕೆಳಗೂ ನೋಡಲೇಬೇಕು. ವಯಸ್ಸಾದ ಬೆಕ್ಕಿನಲ್ಲಿ ಗೆಡ್ಡೆ ಅಡಗುವುದು ಅಲ್ಲೇ. ಕೆಳದವಡೆಯ ನಡುವಿನ ಮೆದು ಜಾಗವನ್ನು ಹೊರಗಿನಿಂದ ಹೆಬ್ಬೆರಳಲ್ಲಿ ಮೇಲಕ್ಕೆ ಒತ್ತಿದರೆ ನಾಲಿಗೆ ಎದ್ದು ಆ ಜಾಗ ಕಾಣುತ್ತದೆ.

ಊಟವೇ ಬೇಡವಾದಾಗ ಕಿಡ್ನಿ, ಯಕೃತ್ತು, ಮೇದೋಜೀರಕ ಗ್ರಂಥಿಯ ಉರಿಯೂತ, ಕ್ಯಾನ್ಸರ್, ಕೀಲುನೋವು ಎಲ್ಲವೂ ಪಟ್ಟಿಯಲ್ಲಿರುತ್ತವೆ. ಇಲ್ಲಿ ಸಮಯ ನಮ್ಮ ಕಡೆ ಇಲ್ಲ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನಲ್ಲಿ, ಅದರಲ್ಲೂ ಮೊದಲು ದಪ್ಪಗಿದ್ದ ಬೆಕ್ಕಿನಲ್ಲಿ, ಮೈಯ ಕೊಬ್ಬು ಯಕೃತ್ತಿಗೆ ಬಂದು ತುಂಬಿಕೊಳ್ಳಬಹುದು. ಕಿವಿಯ ಒಳಭಾಗ, ಒಸಡು, ಕಣ್ಣಿನ ಬಿಳಿ ಹಳದಿಯಾಗುತ್ತದೆ. ಮೂಲ ಕಾಯಿಲೆ ಸಣ್ಣದಿದ್ದರೂ ಇದು ಪ್ರಾಣ ತೆಗೆಯಬಲ್ಲದು. ಕಾರಣ ಹುಡುಕುವ ಜೊತೆಜೊತೆಗೇ ಆಹಾರ ಒಳಗೆ ಹೋಗುವ ವ್ಯವಸ್ಥೆಯಾಗಬೇಕು, ಅಗತ್ಯಬಿದ್ದರೆ ನಳಿಕೆಯ ಮೂಲಕ.

ತಿಂದೂ ಸೊರಗುವ ಬೆಕ್ಕಿನ ಕಥೆ ಹೆಚ್ಚು ಸಿಕ್ಕು. ಮರಿಯಾದರೆ ಜಂತುಹುಳು, ಕರುಳಿನ ಪರಾವಲಂಬಿ ಜಿಯಾರ್ಡಿಯಾ ಮೊದಲು ನೆನಪಾಗಬೇಕು. ಒಂದು ಸಲದ ಮಲಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಹುಳು ಇಲ್ಲವೆಂದಲ್ಲ, ಮತ್ತೆ ನೋಡಬೇಕು. ಎಂಟು ಹತ್ತು ವರ್ಷ ದಾಟಿದ್ದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು, ಸಕ್ಕರೆ ಕಾಯಿಲೆ, ಮತ್ತು ಕರುಳಿನ ದೀರ್ಘಕಾಲದ ಕಾಯಿಲೆ, ಈ ಮೂರು ಮುಖ್ಯ.

ಮೊದಲ ಸುತ್ತಿನಲ್ಲಿ ರಕ್ತಕಣಗಳ ಎಣಿಕೆ, ಕಿಡ್ನಿ ಮತ್ತು ಯಕೃತ್ತಿನ ಪರೀಕ್ಷೆ, ಟಿ4 (ಥೈರಾಯ್ಡ್ ಹಾರ್ಮೋನು), ಮೂತ್ರ, ಮಲ, ರಕ್ತದೊತ್ತಡ, ಬೆಕ್ಕುಗಳ ಲ್ಯುಕೀಮಿಯಾ ವೈರಸ್ ಮತ್ತು ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್ ಆದ ಎಫ್‌ಐವಿ ಪರೀಕ್ಷೆ ಇರಲಿ. ಪರೀಕ್ಷೆ ಮಾಡಿಸುವುದು ಸುಲಭ. ಒಂದು ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದದಿದ್ದರೆ ಮೋಸಹೋಗುತ್ತೇವೆ. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಏಕಾಏಕಿ 250 ದಾಟಬಹುದು, ಅಷ್ಟಕ್ಕೇ ಇನ್ಸುಲಿನ್ ಶುರು ಮಾಡಬಾರದು. ಹಿಂದಿನ ಒಂದೆರಡು ವಾರದ ಸ್ಥಿತಿ ಹೇಳುವ ಫ್ರಕ್ಟೋಸಮೀನ್ ನೋಡಬೇಕು. ಆದರೆ ಥೈರಾಯ್ಡ್ ಹೆಚ್ಚಿರುವ ಬೆಕ್ಕಿನಲ್ಲಿ ಪ್ರೋಟೀನ್ ಬೇಗ ಕರಗುವುದರಿಂದ ಫ್ರಕ್ಟೋಸಮೀನೇ ಇರಬೇಕಾದ್ದಕ್ಕಿಂತ ಕಡಿಮೆ ತೋರುತ್ತದೆ. ಕಿಡ್ನಿಯ ಸ್ಥಿತಿ ಅಳೆಯಲು ನೋಡುವ ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಸ್ನಾಯು ಕರಗಿದ ಬೆಕ್ಕಿನಲ್ಲಿ ಕಿಡ್ನಿ ಸೋಲುತ್ತಿದ್ದರೂ ಆ ಅಂಕಿ ಚೆನ್ನಾಗಿಯೇ ಕಾಣಬಹುದು. ಅದಕ್ಕೇ ಸ್ನಾಯುವನ್ನು ಅವಲಂಬಿಸದ ಕಿಡ್ನಿ ಪರೀಕ್ಷೆಯಾದ ಎಸ್‌ಡಿಎಂಎ ಮತ್ತು ಮೂತ್ರದ ಸಾಂದ್ರತೆ ಜೊತೆಗಿರಬೇಕು, ಸಾಂದ್ರತೆ ಮತ್ತೆ ಮತ್ತೆ 1.035ಕ್ಕಿಂತ ಕೆಳಗಿದ್ದರೆ ಅನುಮಾನಿಸಬೇಕು. ಹೆಚ್ಚಿದ ಥೈರಾಯ್ಡ್ ಕಿಡ್ನಿಗೆ ಹೆಚ್ಚು ರಕ್ತ ನುಗ್ಗಿಸಿ ಅದರ ದೌರ್ಬಲ್ಯವನ್ನು ಮರೆಮಾಡುತ್ತದೆ, ಚಿಕಿತ್ಸೆ ಶುರುವಾದ ಮೇಲೆ ಅದು ಹೊರಬೀಳುತ್ತದೆ. ಔಷಧಿ ಕೊಟ್ಟ ತಿಂಗಳೊಳಗೆ ಕಿಡ್ನಿ ಮತ್ತೆ ನೋಡಬೇಕಾದ್ದು ಇದರಿಂದಲೇ. ಇನ್ನು ಟಿ4 ಸಹಜ ಎಂದು ಬಂದರೂ, ಬೇರೆ ಕಾಯಿಲೆ ಅದನ್ನು ಕೆಳಗೆಳೆದಿರಬಹುದು. ಸಹಜ ಮಿತಿಯ ಮೇಲರ್ಧದಲ್ಲಿದ್ದು ಲಕ್ಷಣಗಳೂ ಹೊಂದುತ್ತಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ತೆಗೆಯಿರಿ.

ಇದೆಲ್ಲ ಸರಿಯಿದ್ದೂ ತೂಕ ಇಳಿಯುತ್ತಿದ್ದರೆ ಕರುಳಿನತ್ತ ತಿರುಗಬೇಕು. ಭೇದಿಯಾಗಲೇಬೇಕು ಎಂದಿಲ್ಲ. ವಾರಕ್ಕೊಮ್ಮೆ ವಾಂತಿ, ಅದನ್ನು ಕೂದಲ ಉಂಡೆ ಎಂದು ತಳ್ಳಿಹಾಕಿದ್ದು, ಅಷ್ಟೇ ಇರಬಹುದು. ಉಪವಾಸದ ರಕ್ತದಲ್ಲಿ ಬಿ12, ಫೋಲೇಟ್ ವಿಟಮಿನ್‌ಗಳು, ಮೇದೋಜೀರಕ ಗ್ರಂಥಿಯ ಕೆಲಸ ಹೇಳುವ ಟಿಎಲ್‌ಐ ನೋಡುತ್ತಾರೆ, ಅಲ್ಟ್ರಾಸೌಂಡ್‌ನಲ್ಲಿ ಕರುಳಿನ ಗೋಡೆಯ ಪದರ ದಪ್ಪಗಾಗಿದೆಯೇ, ದುಗ್ಧಗ್ರಂಥಿ ಊದಿದೆಯೇ ಎಂದು ನೋಡುತ್ತಾರೆ. ಆದರೆ ಕರುಳಿನ ಉರಿಯೂತವೋ, ನಿಧಾನವಾಗಿ ಬೆಳೆಯುವ ಲಿಂಫೋಮಾ ಎಂಬ ಕ್ಯಾನ್ಸರೋ ಎಂಬುದನ್ನು ಚಿತ್ರ ಹೇಳಲಾರದು, ಎರಡೂ ಒಂದೇ ರೀತಿ ಕಾಣುತ್ತವೆ. ಅದಕ್ಕೆ ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿಯೇ ಬೇಕು. "ಒಮ್ಮೆ ಸ್ಟೀರಾಯ್ಡ್ ಕೊಟ್ಟು ನೋಡೋಣ" ಎನ್ನುವ ಅವಸರ ಕೆಲಸ ಕೆಡಿಸುವುದು ಇಲ್ಲಿಯೇ. ಬೆಕ್ಕು ಕೆಲವು ದಿನ ಚೇತರಿಸಿಕೊಳ್ಳುತ್ತದೆ, ಬಯಾಪ್ಸಿಯಲ್ಲಿ ಸಿಗಬೇಕಾದ ಚಿತ್ರ ಮಸುಕಾಗುತ್ತದೆ, ಒಳಗೆ ಕಾದಿದ್ದ ಸಕ್ಕರೆ ಕಾಯಿಲೆಯೂ ಮೇಲೆದ್ದು ಬರಬಹುದು. ಬಯಾಪ್ಸಿ ಮಾಡಿಸಲಾಗದ ಸಂದರ್ಭದಲ್ಲಿ ಎಲ್ಲ ತಿಳಿದೇ ಸ್ಟೀರಾಯ್ಡ್ ಆರಿಸಿಕೊಳ್ಳುವುದು ಬೇರೆ ಮಾತು.

ಬಿ12 ಕಡಿಮೆ ಬಂದರೆ ಮಾತ್ರ ಬಯಾಪ್ಸಿಗೆ ಕಾಯಬೇಕಿಲ್ಲ. ವಾರಕ್ಕೊಮ್ಮೆ 250 ಮೈಕ್ರೋಗ್ರಾಂ ಚುಚ್ಚುಮದ್ದು, ಆರು ವಾರ, ಇದು ರೂಢಿಯಲ್ಲಿರುವ ಕ್ರಮ. ಬಿ12 ಕೊರತೆಯೇ ಹಸಿವನ್ನು ಕೊಲ್ಲುತ್ತದೆ, ಅದು ತುಂಬದಿದ್ದರೆ ಕರುಳಿನ ಬೇರೆ ಚಿಕಿತ್ಸೆಯೂ ಸರಿಯಾಗಿ ಹಿಡಿಯುವುದಿಲ್ಲ. ಇಷ್ಟೂ ಹೊತ್ತು ವಾರದ ತೂಕ ಬರೆಯುವುದನ್ನು ಬಿಡಬೇಡಿ. ಚಿಕಿತ್ಸೆ ನಾಟುತ್ತಿದೆಯೇ ಎಂಬುದು ಬೆಕ್ಕಿನ ಉತ್ಸಾಹದಲ್ಲಿ ಕಾಣುವ ಮುಂಚೆಯೇ ಎಷ್ಟೋ ಸಲ ಆ ಪುಸ್ತಕದಲ್ಲಿ ಕಾಣುತ್ತದೆ.