ಯಗಚಿಯಿಂದ ದೋರಸಮುದ್ರಕ್ಕೆ

ಕೇಳುಗರಿಗೆ ನಮಸ್ಕಾರ.

ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರ್. ಕಂಡಕ್ಟರು ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಚಿಲ್ಲರೆ ಕೈಗೆ ಬರುವಷ್ಟರಲ್ಲಿ ಊರೇ ಬಂದಿರುತ್ತದೆ. ಇಷ್ಟು ಪುಟ್ಟ ರಸ್ತೆಯ ಬಗ್ಗೆ ರೇಡಿಯೋದಲ್ಲಿ ಮಾತಾಡೋದು ಏನಿದೆ ಅಂತ ನಮ್ಮ ಮನೆಯಲ್ಲೇ ಕೇಳಿದರು.

ಪ್ರವಾಸಿಗರಿಗೆ ಇದು ಎರಡು ದೇವಸ್ಥಾನಗಳ ನಡುವಿನ ದಾರಿ. ಈ ತುದಿಗೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ, ಆ ತುದಿಗೆ ಹೊಯ್ಸಳೇಶ್ವರ. ಸೋಮನಾಥಪುರವೂ ಸೇರಿ ಮೂರೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಚೆನ್ನಕೇಶವನಂತೂ ನಡೆಯುವ ದೇವರು. ಬಾಬಾ ಬುಡನ್‌ಗಿರಿಯಲ್ಲಿ ಉಳಿದುಹೋದ ದೇವಿಯನ್ನು ನೋಡಲು ರಾತ್ರಿ ಹೋಗಿಬರುತ್ತಾನಂತೆ. ಚಪ್ಪಲಿ ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚಪ್ಪಲಿ ಹೊಲಿಯುವವರ ಕನಸಿನಲ್ಲಿ ಬಂದು ಹೇಳುತ್ತಾನಂತೆ. ಏನು ಮಾಡೋಣ, ಅವನು ನಡೆಯುವ ದಾರಿ ಬೇರೆ ದಿಕ್ಕಿನದು.

ನಮ್ಮ ದಾರಿ ಮೂಡಲಿಗೆ. ಬೆಳಗಿನ ಬಸ್ಸಿನಲ್ಲಿ ಮುಂದಿನ ಸೀಟಿನವರಿಗೆ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತದೆ. ಬೇಲೂರು ಬಿಡುವಾಗ ಬೆನ್ನ ಹಿಂದೆ ಯಗಚಿ ಹೊಳೆ, ಅದರಾಚೆ ಕಾಫಿ ಸೀಮೆ. ಬಸ್ಸಿನ ತುಂಬ ಹಸಿ ಶುಂಠಿ ಮೂಟೆಯ ವಾಸನೆ. ಅರ್ಧ ದಾರಿ ಕಳೆಯುವುದರೊಳಗೆ ಮಣ್ಣಿನ ಬಣ್ಣ ಬದಲಾಗಿರುತ್ತದೆ. ರಾಗಿ, ಮುಸುಕಿನ ಜೋಳ, ತೆಂಗು ಶುರುವಾಗುತ್ತವೆ. ತಾಲ್ಲೂಕು ಒಂದೇ, ಮಳೆ ಮಾತ್ರ ಬೇರೆ. ಬೇಲೂರಿನಲ್ಲಿ ಬಿಚ್ಚಿದ ಕೊಡೆ ಹಳೇಬೀಡಿನಲ್ಲಿ ಇಳಿದವನ ಕಂಕುಳಲ್ಲಿ ಸುಮ್ಮನೆ ಕೂತಿರುತ್ತದೆ.

ಹಳೇಬೀಡಿನ ಮೊದಲ ಹೆಸರು ದೋರಸಮುದ್ರ. ಸಮುದ್ರವೆಂದರೆ ಕೆರೆ. ಹೊಯ್ಸಳರು ರಾಜಧಾನಿ ಕಟ್ಟಿದ್ದು ಹೊಳೆಯ ದಂಡೆಯಲ್ಲಲ್ಲ, ಈ ಕೆರೆಯ ನೀರು ನಂಬಿಕೊಂಡು. 1311ರಲ್ಲಿ ದಿಲ್ಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರನ ದಂಡು ಬಂತು, ಕಾಲಕ್ರಮದಲ್ಲಿ ರಾಜಧಾನಿ ಹಳೆಯ ಬೀಡಾಯಿತು, ಕೆರೆ ಉಳಿಯಿತು. ರಸ್ತೆ ಇಲ್ಲಿಗೇ ನಿಲ್ಲುವುದಿಲ್ಲ. ಜಾವಗಲ್ ದಾಟಿ ಬಾಣಾವರದ ರೈಲು ನಿಲ್ದಾಣದವರೆಗೆ ಹೋಗುತ್ತದೆ. ಹಿಂದೆ ದೂರದವರು ಅಲ್ಲಿ ರೈಲಿಳಿದು ಗಾಡಿ ಕಟ್ಟಿಸಿಕೊಂಡು ಶಿಲ್ಪ ನೋಡಲು ಬರುತ್ತಿದ್ದರು.

ಆ ಕೆರೆ ಒಣಗಿದ್ದನ್ನು ನಾನು ನೋಡಿದ್ದೇನೆ. ಬಿರುಕು ಬಿಟ್ಟ ಅಂಗಳದಲ್ಲಿ ಹುಡುಗರು ಮೂರು ಕೋಲು ನೆಟ್ಟು ಕ್ರಿಕೆಟ್ ಆಡುತ್ತಿದ್ದರು. ಬೌಂಡರಿ ಗೆರೆಯಾಚೆ ದನ ಮೇಯುತ್ತಿದ್ದವು. ಏರಿಯ ಮೇಲೆ ನಿಂತಿದ್ದ ಅಜ್ಜ ಒಬ್ಬರು, "ಅಲ್ಲಿ ಆನೆ ಮುಳುಗೋಷ್ಟು ನೀರಿತ್ತು ಕಣಪ್ಪ" ಎಂದು ವಿಕೆಟ್ಟಿನ ಕಡೆ ಕೈ ತೋರಿಸಿದರು.

ರಣಘಟ್ಟದ ಒಡ್ಡಿನಿಂದ ಯಗಚಿಯ ನೀರನ್ನು ಈ ಕೆರೆಗೆ ಹರಿಸಿ ಎಂದು ಈ ಭಾಗದ ರೈತರು ಪಾದಯಾತ್ರೆ ಮಾಡಿದರು, ಧರಣಿ ಕೂತರು. ಕೊನೆಗೆ ಯೋಜನೆಗೆ ಒಪ್ಪಿಗೆ ಸಿಕ್ಕಿತು. ನನ್ನ ಕಣ್ಣಿಗೆ ಈ ರಸ್ತೆ ಗುಡಿಯಿಂದ ಗುಡಿಗೆ ಹೋಗುವುದಕ್ಕಿಂತ ಹೆಚ್ಚಾಗಿ ಹೊಳೆಯಿಂದ ಕೆರೆಗೆ ಹೋಗುವ ದಾರಿ. ಜನ ಅರ್ಧ ಗಂಟೆಯಲ್ಲಿ ತಲುಪುತ್ತಾರೆ. ನೀರಿಗೆ ಗುಡ್ಡ ಅಡ್ಡ.

ಹಳೇಬೀಡಿನ ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹೋಗಿ ಕೂತು ನೋಡಿ. ಬೇಲೂರಿಂದ ಬಂದವರು ಅಂತ ಗೊತ್ತಾದರೆ ಸಾಕು, ಕಾಫಿ ಲೋಟ ಇಡುವ ಮೊದಲೇ ಕೇಳುತ್ತಾರೆ: "ನಿಮ್ ಕಡೆ ಮಳೆ ಆಯ್ತಾ, ಸ್ವಾಮಿ?"