ಈ ಒಂದು ಯಂತ್ರ ಚೀನಾಕ್ಕೆ ಯಾಕೆ ಸಿಗ್ತಿಲ್ಲ?

[ಪರದೆ: ನೆದರ್ಲೆಂಡ್ಸ್ ನಕ್ಷೆ, ವೆಲ್ಡ್‌ಹೋವನ್ ಮೇಲೆ ಗುರುತು]

ಈ ಊರಲ್ಲಿ ಎಎಸ್‌ಎಂಎಲ್ ಅನ್ನೋ ಕಂಪನಿ ಇದೆ. ಅತ್ಯಾಧುನಿಕ ಚಿಪ್‌ಗಳಿಗೆ ಬೇಕಾದ ಇಯುವಿ ಯಂತ್ರ, ಅಂದ್ರೆ ತೀವ್ರ ಅತಿನೇರಳೆ ಬೆಳಕಿನಿಂದ ಸಿಲಿಕಾನ್ ಮೇಲೆ ಅತಿ ಸಣ್ಣ ಸರ್ಕ್ಯೂಟ್ ಮೂಡಿಸೋ ಯಂತ್ರ, ಮಾರೋದು ಇಡೀ ಜಗತ್ತಿನಲ್ಲಿ ಇವರೊಬ್ಬರೇ. ಚೀನಾ ದುಡ್ಡು ಹಿಡ್ಕೊಂಡು ನಿಂತಿದ್ರೂ ಡಚ್ ಸರ್ಕಾರ ರಫ್ತಿಗೆ ಒಪ್ಪಿಲ್ಲ. ಹಿಂದೆ ಇರೋದು ಅಮೆರಿಕದ ಒತ್ತಡ.

[ಅನಿಮೇಷನ್: ತವರದ ಹನಿ, ಲೇಸರ್]

ಯಂತ್ರದ ಒಳಗೆ ಸ್ವಲ್ಪ ಇಣುಕಿ ನೋಡೋಣ, ಯಾಕಂದ್ರೆ ರಾಜಕೀಯದ ಬೇರು ಇಲ್ಲೇ ಇದೆ. ಕರಗಿದ ತವರದ ಹನಿಗಳು ಸೆಕೆಂಡಿಗೆ ಸುಮಾರು 50,000ದಂತೆ ಚಿಮ್ಮುತ್ತವೆ. ಒಂದೊಂದು ಹನಿಗೂ ಲೇಸರ್‌ನ ಎರಡೇಟು. ಮೊದಲನೇ ಏಟಿಗೆ ಹನಿ ಚಪ್ಪಟೆ, ಎರಡನೇದಕ್ಕೆ ಪ್ಲಾಸ್ಮಾ. ಆಗ ಹೊರಡೋ ಬೆಳಕಿನ ತರಂಗಾಂತರ ಬರೀ 13.5 ನ್ಯಾನೋಮೀಟರ್. ಇದನ್ನ ಗಾಳಿನೂ ಹೀರುತ್ತೆ, ಗಾಜೂ ಹೀರುತ್ತೆ. ಹಾಗಾಗಿ ಎಲ್ಲ ಕೆಲಸ ನಿರ್ವಾತದಲ್ಲಿ, ಲೆನ್ಸ್ ಬದಲು ಕನ್ನಡಿ. ಕನ್ನಡಿ ಜರ್ಮನಿಯ ಝೈಸ್‌ದು, ಲೇಸರ್ ಜರ್ಮನಿಯ ಟ್ರಂಫ್‌ದು, ಬೆಳಕಿನ ಮೂಲದ ತಂತ್ರಜ್ಞಾನ ಅಮೆರಿಕದ ಸ್ಯಾನ್ ಡಿಯಾಗೋದ್ದು. ಅಮೆರಿಕದ ಮಾತು ನಡೆಯೋಕೆ ಇದೂ ಒಂದು ಕಾರಣ.

2022ರ ಅಕ್ಟೋಬರ್ 7ರಂದು ಅಮೆರಿಕ ಇನ್ನೂ ಬಿಗಿ ಮಾಡ್ತು: ಎಐಗೆ ಬೇಕಾದ ಪ್ರಬಲ ಚಿಪ್‌ಗಳು, ಅವನ್ನ ತಯಾರಿಸೋ ಸಲಕರಣೆ, ಎರಡಕ್ಕೂ ಚೀನಾ ಮಟ್ಟಿಗೆ ಕಡಿವಾಣ. ಕೊಟ್ಟ ಕಾರಣ, ಚೀನಾ ಸೇನೆ ಇವನ್ನ ಬಳಸುತ್ತೆ ಅಂತ.

ಚೀನಾ ಸುಮ್ಮನೆ ಕೂರಲಿಲ್ಲ. 2023ರಲ್ಲಿ ಹುವಾವೇ ಮೇಟ್ 60 ಪ್ರೋ ಫೋನ್ ಬಂತು, ಒಳಗೆ ಚೀನಾದಲ್ಲೇ ಮಾಡಿದ 7 ನ್ಯಾನೋಮೀಟರ್ ಚಿಪ್ (ಈ ಅಂಕಿ ಚಿಕ್ಕದಾದಷ್ಟೂ ಚಿಪ್ ಆಧುನಿಕ). ಹಳೇ ತಲೆಮಾರಿನ ಯಂತ್ರದಲ್ಲೇ ಒಂದೇ ಪದರಕ್ಕೆ ಮತ್ತೆ ಮತ್ತೆ ಬೆಳಕು ಹಾಯಿಸಿ ಮಾಡಿದ್ದು. ದುಬಾರಿ ದಾರಿ, ಆದ್ರೂ ದಾರಿ. ಅದೇ ವರ್ಷ ಚೀನಾ, ಚಿಪ್ ತಯಾರಿಕೆಗೆ ಬೇಕಾದ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡ್ತು. 2025ರ ಏಪ್ರಿಲ್‌ನಲ್ಲಿ ವಿರಳ ಭೂಲೋಹದ ಅಯಸ್ಕಾಂತಗಳ ಸರದಿ. ಅದರ ಬಿಸಿ ನಮ್ಮ ವಾಹನ ಕಂಪನಿಗಳಿಗೂ ತಟ್ಟಿತು. ಜಗಳ ಅವರಿಬ್ಬರದ್ದು, ಮೋಟಾರಿಗೆ ಅಯಸ್ಕಾಂತ ಸಿಗದೆ ಪರದಾಡಿದ್ದು ನಾವು!

[ಪರದೆ: ಬೆಂಗಳೂರು]

ಈಗ ನಮ್ಮ ಕಡೆ ಬರೋಣ. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿದ್ದು 1985ರಲ್ಲಿ. ಆಗಿನಿಂದ ನಮ್ಮ ಹುಡುಗ ಹುಡುಗಿಯರು ಇಲ್ಲಿ ಕೂತು ಜಗತ್ತಿನ ಚಿಪ್‌ಗಳನ್ನ ವಿನ್ಯಾಸ ಮಾಡ್ತಿದ್ದಾರೆ. ಆದ್ರೆ ಆ ವಿನ್ಯಾಸಗಳ ಒಡೆತನ ಬಹುಪಾಲು ವಿದೇಶಿ ಕಂಪನಿಗಳದ್ದು. ನನಗೆ ನಿಜಕ್ಕೂ ಸಂಕಟ ಆಗೋದು ಇಲ್ಲೇ. ಗುಜರಾತಿನ ಧೋಲೇರಾದಲ್ಲಿ ಟಾಟಾ ಕಟ್ಟುತ್ತಿರೋ ಚಿಪ್ ಕಾರ್ಖಾನೆಗೆ ತೈವಾನಿನ ಚಿಪ್ ಕಂಪನಿ ಪಿಎಸ್‌ಎಂಸಿ ತಂತ್ರಜ್ಞಾನ ಕೊಡ್ತಿದೆ. ಅಲ್ಲಿ ಮಾಡೋಕೆ ಹೊರಟಿರೋ 28 ನ್ಯಾನೋಮೀಟರ್ ಚಿಪ್‌ಗೆ ಇಯುವಿ ಬೇಕಿಲ್ಲ. ಕಾರು, ಟೆಲಿಕಾಂ, ಕೈಗಾರಿಕೆಯ ಬಹಳಷ್ಟು ಕೆಲಸ ಅಷ್ಟರಲ್ಲೇ ಆಗುತ್ತೆ. ಅಲ್ಲಿ ತಯಾರಾಗೋ ಚಿಪ್‌ಗಳಲ್ಲಿ ಬೆಂಗಳೂರಿನ ಸ್ವಂತ ವಿನ್ಯಾಸ ಎಷ್ಟಿರುತ್ತೆ ಅನ್ನೋದನ್ನ ನಾವು ಈಗಿಂದಲೇ ಕೇಳ್ತಾ ಇರಬೇಕು.