ಮನೆಯ ಮೇಜು, ಅಂಗಡಿಯ ಮೇಜು

ಕೇಳುಗರಿಗೆ ನಮಸ್ಕಾರ.

ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಗೇಮ್, ಅಂದರೆ ಪಾತ್ರ ವಹಿಸಿ ಆಡುವ ಆಟದ ಬಗ್ಗೆ ಇವತ್ತು ಮಾತಾಡುತ್ತೇನೆ. ಎದುರಿಗೆ ಪೆನ್ಸಿಲ್, ಹಾಳೆ, ಇಪ್ಪತ್ತು ಮುಖದ ದಾಳ. ಕಥೆ ನಡೆಸುವವರು ಗೇಮ್ ಮಾಸ್ಟರ್. ಉಳಿದವರಿಗೆ ಒಂದೊಂದು ಪಾತ್ರ. ‘ನಾನು ಬಾಗಿಲು ಒದೆಯುತ್ತೇನೆ’ ಅಂತ ಒಬ್ಬರು ಹೇಳಿದರೆ ದಾಳ ಉರುಳುತ್ತದೆ. ಬಾಗಿಲು ಮುರಿಯಿತೋ, ಕಾಲು ಉಳುಕಿತೋ ಆಗ ಗೊತ್ತಾಗುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಇದು ಶುರುವಾಯಿತು.

ಹೆಚ್ಚಿನವರು ಇದನ್ನು ಮನೆಯಲ್ಲಿ, ಗೊತ್ತಿರುವ ಗೆಳೆಯರ ಜೊತೆ ಆಡುತ್ತಾರೆ. ಆದರೆ ಆಟದ ಸಾಮಾನು ಮಾರುವ ಅಂಗಡಿಗಳಲ್ಲಿ, ದೊಡ್ಡ ಸಮ್ಮೇಳನಗಳಲ್ಲಿ ಯಾರು ಬೇಕಾದರೂ ಬಂದು ಕೂರಬಹುದಾದ ಆಟವೂ ಇದೆ. ಮನೆ ಆಟದವರಲ್ಲಿ ಕೆಲವರು ಅದನ್ನು ಸ್ವಲ್ಪ ಕೀಳಾಗಿ ನೋಡುತ್ತಾರೆ. ‘ಅದೇನು ಆಟ, ಬರೀ ಫಾರಂ ತುಂಬೋದು’ ಅನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಆ ಫಾರಂ ಯಾಕೆ ಬಂತು ನೋಡಿ. 1975ರಲ್ಲಿ ಒರಿಜಿನ್ಸ್ ಎಂಬ ಸಮ್ಮೇಳನದಲ್ಲಿ ಗೈಗ್ಯಾಕ್ಸ್ ಬರೆದ ಒಂದೇ ಸಾಹಸವನ್ನು, ಅಂದರೆ ಆಡಲೆಂದು ಮೊದಲೇ ಬರೆದಿಟ್ಟ ಕಥೆಯನ್ನು, ಬೇರೆ ಬೇರೆ ತಂಡಗಳು ಸ್ಪರ್ಧೆಯಾಗಿ ಆಡಿದವು. ಸ್ಪರ್ಧೆ ಅಂದಮೇಲೆ ಎಲ್ಲರಿಗೂ ಒಂದೇ ಕೋಣೆ, ಒಂದೇ ಬಲೆ ಇರಲೇಬೇಕಲ್ವಾ? ಬರೆದದ್ದನ್ನು ಬರೆದ ಹಾಗೆ ನಡೆಸುವ ಪದ್ಧತಿ ಇಂಥ ಕಡೆ ಬೆಳೆಯಿತು. 1980ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಂಪನಿಯೇ ಆಟಗಾರರ ಸಂಘ ಕಟ್ಟಿತು. ಆಮೇಲೆ ಸ್ಪರ್ಧೆ ಹಿಂದೆ ಸರಿಯಿತು. ಒಂದೇ ಪಾತ್ರವನ್ನು ಊರೂರಿಗೆ ಒಯ್ದು ಆಡುವ ಕ್ರಮ ಮುಂದೆ ಬಂತು. ಹಾಗೆ ಒಯ್ಯಬೇಕಾದರೆ ಪಾತ್ರದ ಲೆಕ್ಕ ಫಾರಂನಲ್ಲಿ ಬರೆದಿರಬೇಕು.

ಪೈಜೋ ಕಂಪನಿ 2008ರಲ್ಲಿ ಆರಂಭಿಸಿದ ಸಾರ್ವಜನಿಕ ಆಟ ಪಾತ್‌ಫೈಂಡರ್ ಸೊಸೈಟಿಯನ್ನೇ ತಗೊಳ್ಳಿ. ನಾಲ್ಕೈದು ಗಂಟೆಯ ಆಟ ಮುಗಿದ ಮೇಲೆ ಪ್ರತಿಯೊಬ್ಬರ ಕೈಗೂ ಒಂದು ಹಾಳೆ ಬರುತ್ತದೆ. ಹೆಸರು ಕ್ರಾನಿಕಲ್ ಶೀಟ್. ನಿಮ್ಮ ಪಾತ್ರಕ್ಕೆ ಎಷ್ಟು ಚಿನ್ನ ಸಿಕ್ಕಿತು, ಯಾವ ವಸ್ತು ಕೊಳ್ಳಬಹುದು, ಎಷ್ಟು ಅನುಭವ ಸೇರಿತು, ಎಲ್ಲ ಅದರಲ್ಲಿ ಇರುತ್ತದೆ. ಕೆಳಗೆ ಗೇಮ್ ಮಾಸ್ಟರ್ ಸಹಿ. ಮೊದಲ ಆವೃತ್ತಿಯಲ್ಲಿ ಒಂದು ಸಾಹಸಕ್ಕೆ 1 ಅನುಭವ ಅಂಕ, 3 ಅಂಕಕ್ಕೆ ಒಂದು ಮಟ್ಟ ಮೇಲೆ. ಲೆಕ್ಕ ಇಷ್ಟೇ. ಆ ಹಾಳೆಗಳ ಕಟ್ಟು ಹಿಡಿದು ನೀವು ಬೇರೆ ಊರಿನ, ಮುಖ ನೋಡಿರದ ಜನರ ಮೇಜಿಗೆ ಹೋಗಬಹುದು. ‘ಈ ಕತ್ತಿ ನಿನಗೆಲ್ಲಿ ಸಿಕ್ಕಿತು?’ ಅಂತ ಯಾರಾದರೂ ಕೇಳಿದರೆ ಹಾಳೆ ತೋರಿಸಿದರೆ ಸಾಕು.

2014ರಲ್ಲಿ ಬಂದ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನದೇ ಸಾರ್ವಜನಿಕ ಆಟವಾದ ಅಡ್ವೆಂಚರರ್ಸ್ ಲೀಗ್‌ನಲ್ಲಿ ಪಾತ್ರದ ಶಕ್ತಿ, ಬುದ್ಧಿ ಇವನ್ನೆಲ್ಲ ದಾಳ ಹಾಕಿ ನಿರ್ಧರಿಸುವಂತಿಲ್ಲ. 27 ಅಂಕ ಕೊಡುತ್ತಾರೆ, ಅದರಲ್ಲಿ ಹಂಚಿಕೊಳ್ಳಬೇಕು. ಇಲ್ಲದಿದ್ದರೆ ಸಿದ್ಧವಾಗಿರುವ ಆರು ಸಂಖ್ಯೆಗಳನ್ನು ಬಳಸಬೇಕು. ಮನೆಯಲ್ಲಾದರೆ ನೀವು ದಾಳ ಹಾಕಿದ್ದನ್ನು ಗೆಳೆಯರೇ ನೋಡಿರುತ್ತಾರೆ. ಅಪರಿಚಿತರ ನಡುವೆ ಆ ಸಾಕ್ಷಿ ಇರುವುದಿಲ್ಲ. ನಿಯಮ ಬಿಗಿಯಾಗಿರುವುದು ಅದಕ್ಕೇ.

ತಾಳಮದ್ದಳೆಯಲ್ಲಿ ಬೇರೆ ಬೇರೆ ಊರಿನ ಅರ್ಥಧಾರಿಗಳು ತಾಲೀಮಿಲ್ಲದೆ ಒಟ್ಟಿಗೆ ಕೂತು ಮಾತಿಗಿಳಿಯುತ್ತಾರೆ. ಪ್ರಸಂಗದ ಪದ್ಯ ಎಲ್ಲರಿಗೂ ಗೊತ್ತಿರುವುದರಿಂದ ಅದು ಸಾಧ್ಯ. ಇಲ್ಲಿಯೂ ಹಾಗೆಯೇ, ನಿಯಮ ಎಲ್ಲರಿಗೂ ಗೊತ್ತಿರುವುದರಿಂದ ಅಪರಿಚಿತರು ಒಟ್ಟಿಗೆ ಆಡಬಹುದು.

ಆದರೆ ಅಂಗಡಿಯ ಮೇಜಿಗೆ ಒಂದು ದೊಡ್ಡ ಕೊರತೆ ಇದೆ. ಅದನ್ನು ಮುಚ್ಚಿಡಬಾರದು. ಗುಹೆಯಲ್ಲಿ ಒಂದು ಗಾಬ್ಲಿನ್, ಅಂದರೆ ಕಥೆಯ ಕುಳ್ಳ ರಾಕ್ಷಸ, ಸಿಕ್ಕಿತು ಅಂದುಕೊಳ್ಳಿ. ಹೊಡೆಯುವ ಬದಲು ಒಬ್ಬರು ಅದಕ್ಕೆ ರೊಟ್ಟಿ ಕೊಟ್ಟರು, ಹೆಸರು ಕೇಳಿದರು. ಮನೆಯ ಆಟದಲ್ಲಿ ಆ ಗಾಬ್ಲಿನ್ ತಿಂಗಳುಗಟ್ಟಲೆ ಜೊತೆಗಿರುತ್ತದೆ. ಅಡುಗೆ ಕಲಿಯುತ್ತದೆ, ಒಂದು ದಿನ ಮೋಸವನ್ನೂ ಮಾಡಬಹುದು. ಗೇಮ್ ಮಾಸ್ಟರ್ ತಾವು ಬರೆದಿಟ್ಟ ಕಥೆಯನ್ನು ಪಕ್ಕಕ್ಕಿಟ್ಟು ಈ ದಾರಿಯಲ್ಲೇ ಹೋಗುತ್ತಾರೆ. ಅಂಗಡಿಯಲ್ಲಿ ಆ ರೊಟ್ಟಿಗೆ ಮೆಚ್ಚುಗೆ ಸಿಗುತ್ತದೆ, ಜಗಳ ತಪ್ಪಲೂಬಹುದು. ಆದರೆ ಗಾಬ್ಲಿನ್ ಗುಹೆಯಲ್ಲೇ ಉಳಿಯಬೇಕು. ಮುಂದಿನ ವಾರ ನೀವು ಬೇರೆ ಮೇಜಿನಲ್ಲಿರುತ್ತೀರಿ, ಅಲ್ಲಿನವರಿಗೆ ಆ ಗಾಬ್ಲಿನ್ ಯಾರೆಂದೇ ಗೊತ್ತಿಲ್ಲ. ನೀವು ಮಾಡಿದ್ದರಿಂದ ಕಥೆಯ ಲೋಕ ಬದಲಾಗುವುದಿಲ್ಲ. ನನಗೆ ನಿಜಕ್ಕೂ ನೋವು ಕೊಡುವ ಸಂಗತಿ ಇದು.

ಈ ಕೊರತೆ ತುಂಬುವ ಪ್ರಯತ್ನವೂ ನಡೆದಿದೆ. 2000ದಿಂದ 2008ರವರೆಗೆ ಲಿವಿಂಗ್ ಗ್ರೇಹಾಕ್ ಎಂಬ ಸಾರ್ವಜನಿಕ ಆಟ ನಡೆಯಿತು. ನಿಜವಾದ ಭೂಪಟದ ಒಂದೊಂದು ಪ್ರದೇಶಕ್ಕೆ ಕಥೆಯ ಲೋಕದ ಒಂದೊಂದು ರಾಜ್ಯವನ್ನು ವಹಿಸಿದರು. ಆಸ್ಟ್ರೇಲಿಯಾದವರಿಗೆ ಪೆರೆನ್‌ಲ್ಯಾಂಡ್ ಬಂತು. ಆಯಾ ಕಡೆಯ ಸ್ವಯಂಸೇವಕರೇ ತಮ್ಮ ರಾಜ್ಯದ ಸಾಹಸಗಳನ್ನು ಬರೆಸಿದರು. ಮುಖ್ಯ ಘಟನೆಗಳಲ್ಲಿ ಬೇರೆ ಬೇರೆ ಮೇಜುಗಳಿಂದ ಬಂದ ಫಲಿತಾಂಶ ನೋಡಿ ಮುಂದಿನ ಕಥೆ ಹೆಣೆದರು. ಕೆಲಸ ಸಿಕ್ಕಾಪಟ್ಟೆ, ಕೂಲಿ ಇಲ್ಲ. ಸಾರ್ವಜನಿಕ ಆಟದ ಚರಿತ್ರೆಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಈ ಜನರ ಮೇಲೆ.

ಮನೆಯ ಆಟ ಆಳವಾದದ್ದು, ಸರಿ. ಆದರೆ ಅದಕ್ಕೆ ಯಾರಾದರೂ ಕರೆಯಬೇಕು. ಊರಿಗೆ ಹೊಸದಾಗಿ ಬಂದ ಹುಡುಗಿಯನ್ನು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ದಾಳ ಹಿಡಿಯಬೇಕೆನ್ನುವ ಐವತ್ತರ ತಂದೆಯನ್ನು ಯಾರು ಕರೆಯುತ್ತಾರೆ? ಅಂಗಡಿಯಲ್ಲಿ ಕುರ್ಚಿ ಖಾಲಿ ಇದ್ದರೆ ಸುಮ್ನೆ ಹೋಗಿ ಕೂರಬಹುದು.

ಮನೆಯಲ್ಲಿ ಚೆನ್ನಾಗಿ ಆಟ ನಡೆಸುವವರು ಆಗಾಗ ಅಂಗಡಿಯ ಮೇಜಿಗೂ ಬರಲಿ ಎಂದು ನನ್ನ ಆಸೆ. ಹೊಸಬರಿಗೆ ಒಳ್ಳೆಯ ಗೇಮ್ ಮಾಸ್ಟರ್ ಬೇಕಾಗಿರುವುದು ಅಲ್ಲೇ. ಪಾತ್‌ಫೈಂಡರ್ ಸೊಸೈಟಿಯಲ್ಲಿ ಆಟ ನಡೆಸಿದವರಿಗೂ ಒಂದು ಕ್ರಾನಿಕಲ್ ಶೀಟ್ ಸಿಗುತ್ತದೆ. ಅದನ್ನು ತಮ್ಮದೇ ಒಂದು ಪಾತ್ರಕ್ಕೆ ಹಚ್ಚಿಕೊಳ್ಳಬಹುದು. ನಮಸ್ಕಾರ.